ಜಂಬವ್ವನ ಸಂಘದ ಓಟಿಪಿ

ಚಾಕು ನನ್ನ ಗಂಟಲಿಗೆ ತಾಗಿತ್ತು. ಬೆನ್ನ ಹಿಂದೆ ಮಲಪನಗುಡಿಯ ಹಳೇ ಮೆಟ್ಟಿಲು ಬಾವಿ. ಒಂದು ಹೆಜ್ಜೆ ಹಿಂದಿಟ್ಟರೆ ನೀರು.

“ಓಟಿಪಿ ಹೇಳಲೇ.”

“ಇನ್ನೂ ಬಂದಿಲ್ಲಪ. ಕುಂದ್ರು, ಚಾ ತರಸ್ಲೇನು?”

ನಾನು ಪಂಪೇಶ್. ಹೊಸಪೇಟೆಯಲ್ಲಿ ಯಾರ ಕೆಲಸ ಎಲ್ಲಿ ನಿಂತರೂ ನೂಕಿಸಿಕೊಡುವವನು. ಮಲಪನಗುಡಿಯ ಜಂಬವ್ವ ಹೆಂಗಸರ ಸಂಘಕ್ಕೆ ಬ್ಯಾಂಕ್ ಖಾತೆ ತೆರೆದಾಗ ಅವರಲ್ಲಿ ಯಾರ ಹತ್ತಿರವೂ ಫೋನಿರಲಿಲ್ಲ. ನನ್ನ ನಂಬರ್ ಬರೆಸಿದಳು. ರೊಟ್ಟಿ ಮಷಿನ್ನಿಗೆಂದು ಕೂಡಿಟ್ಟ ದುಡ್ಡೆಲ್ಲ ಆ ಖಾತೆಯಲ್ಲಿದೆ. ಬೀಗದ ಕೈ ಮಾತ್ರ ನನ್ನ ಕೀಪ್ಯಾಡ್ ಫೋನಿನಲ್ಲಿ...

ಅವತ್ತು ಬೆಳಗ್ಗೆ ಜಂಬವ್ವನ ಮೊಮ್ಮಗಳ ಫೋನಿಗೆ ಕರೆ ಬಂತು. ಬ್ಯಾಂಕಿನವರಂತೆ, ಸಂಘದ ಎಟಿಎಂ ಕಾರ್ಡ್ ಬಂದ್ ಆಗುತ್ತದಂತೆ. ಜಂಬವ್ವ ಕಾರ್ಡಿನ ಮೇಲಿದ್ದದ್ದನ್ನೆಲ್ಲ ಓದಿಸಿದಳು. ಓಟಿಪಿ ಕೇಳಿದ್ದಕ್ಕೆ ಮರ್ಯಾದೆಯಿಂದ ದಾರಿಯನ್ನೂ ತೋರಿಸಿದಳು.

“ಅದು ಪಂಪೇಶಗ ಬರ್ತೈತ್ರಿ. ಹಂಪಿ ಬಜಾರಿನ ಚಾ ಅಂಗಡ್ಯಾಗ ಇರ್ತಾನ, ಕೇಳ್ರಿ.”

ಕೇಳಲು ಬಂದರು. ಇಬ್ಬರು, ಕಾರಿನಲ್ಲಿ.

ಓಟಿಪಿ ಎಂದ ಕೂಡಲೇ ಕಳ್ಳರೆಂದು ತಿಳಿದು ನಾನು ಬೈಕ್ ಹತ್ತಿದೆ. ಮಲಪನಗುಡಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಗುದ್ದಿದರು. ಬೈಕ್ ಬಿಟ್ಟು ಓಡಿದೆ. ಓಡಿ ಓಡಿ, ಇದ್ದಬದ್ದ ಜಾಗವೆಲ್ಲ ಬಿಟ್ಟು ಬಾವಿಗೆ ಇಳಿದೆ. ಬುದ್ಧಿವಂತ.

ಜೇಬಿನಲ್ಲಿ ಫೋನ್ ಟಿಂಗ್ ಎಂದಿತು.

“ಬಂತು ನೋಡು,” ಎಂದ ಚಾಕುವಿನವನು. ಇನ್ನೊಬ್ಬ ಕೈ ಚಾಚಿದ. “ಫೋನ್ ಕೊಡಲೇ.”

ಓಟಿಪಿ ಅಳಿಸಿದರೆ ಇನ್ನೊಂದು ತರಿಸುತ್ತಾರೆ. ಸಿಮ್ ಅವರ ಕೈಗೆ ಹೋದರೆ ರೊಟ್ಟಿ ಮಷಿನ್ ಹೋದಂತೆ.

ಫೋನ್ ತೆಗೆದೆ. ಉಗುರಿನಿಂದ ಹಿಂದಿನ ಮುಚ್ಚಳ ಎಗರಿಸಿದೆ. ಬ್ಯಾಟರಿ ಬಾವಿಗೆ. ಸಿಮ್ ಬಾಯಿಗೆ.

ಗುಳುಂ.

“ಉಗುಳಲೇ! ಹೊಟ್ಟಿ ಸೀಳ್ತೀನಿ!”

“ಸೀಳು. ಒಳಗ ಟವರ್ ಸಿಗಂಗಿಲ್ಲ.”

ಹಾಗೆಂದು ಹಿಂದಕ್ಕೆ ಬಿದ್ದೆ. ನೀರು ತಣ್ಣಗಿತ್ತು. ಅವರಿಬ್ಬರೂ ಮೆಟ್ಟಿಲ ಮೇಲೇ ನಿಂತರು. ಆನ್‌ಲೈನ್ ಜನ, ಈಜು ಬರುವುದಿಲ್ಲ. ಮೇಲೆ ಹತ್ತಿ ಓಡೋಣವೆಂದು ಅವರು ತಿರುಗಿದರೆ, ಕಾರು ಗುದ್ದಿದ ಸದ್ದಿಗೆ ಬಂದ ಸಂಘ ಪೂರ್ತಿ ಅಲ್ಲಿ ನಿಂತಿತ್ತು.

ಪೊಲೀಸರು ಅವರನ್ನು ಜೀಪು ಹತ್ತಿಸಿದ ಮೇಲೆ ಜಂಬವ್ವ ನನ್ನ ಒದ್ದೆ ಅಂಗಿ ಹಿಡಿದಳು.

“ಓಟಿಪಿ ಹೇಳಿದೇನು?”

“ಇಲ್ಲಬೇ. ಸಿಮ್ಮಾ ನುಂಗಿದೆ.”

“ಸಂಘದ ರೊಕ್ಕ ನುಂಗಿದವರ್ನ ಭಾಳ ಮಂದೀನ ನೋಡೀನಿ. ಸಿಮ್ ನುಂಗಿದವ ನೀನಾ ಮೊದ್ಲು. ನಡಿ ಬ್ಯಾಂಕಿಗೆ, ನಂಬರ್ ಚೇಂಜ್ ಮಾಡ್ಸು.”

ಕೌಂಟರಿನ ಮೇಡಂ ಕಂಪ್ಯೂಟರ್ ಕುಟ್ಟಿ ತಲೆ ಎತ್ತಿದರು.

“ಹಳೇ ನಂಬರಿಗೆ ಓಟಿಪಿ ಹೋಗೇತ್ರಿ. ಬಂದಿದ್ರ ಹೇಳ್ರಿ.”

ಹೊಟ್ಟೆ ಗುರ್ರೆಂದಿತು.

“ಬಂತ್ರಿ ಮೇಡಂ,” ಎಂದೆ. “ಆದ್ರ ಹೇಳಂಗಿಲ್ಲ.”