ಲೋಲಾಕ್ಷಿಯ ಬೆಲ್ಲದ ಆನೆ

“ಲೋಲೂ, ಎಂತ ಮಾಡ್ತಾ ಇದ್ದೀ? ಅದು ಬೀಡಿ ಎಲೆಯಾ, ಕೆಸುವಿನ ಎಲೆಯಾ?”

ಲೋಲಾಕ್ಷಿಯ ಕತ್ತರಿ ನಿಂತಿತು. ತಗಡಿನ ಅಳತೆ ಇಟ್ಟು ಉದ್ದಕ್ಕೆ ಕತ್ತರಿಸಬೇಕಾದ ಬೀಡಿ ಎಲೆ ಅವಳ ಕೈಯಲ್ಲಿ ಅಗಲವಾಗಿ, ದುಂಡಗೆ ಬಂದುಬಿಟ್ಟಿತ್ತು.

“ಇದು ಆನೆಯ ಕಿವಿ ಅಮ್ಮಾ.”

“ಎಲೆಯನ್ನೆಲ್ಲ ಆನೆಗೆ ಕೊಟ್ಟರೆ ಬೀಡಿ ಕಟ್ಟುವುದು ಎಂತದರಲ್ಲಿ? ನನ್ನ ಕಿವಿಯಲ್ಲಾ?” ಎಂದಳು ಅಮ್ಮ ಪೂವಮ್ಮ. ಬೈಯುವಾಗಲೂ ಅವಳ ಬೆರಳುಗಳು ಬೀಡಿ ಸುತ್ತುತ್ತಲೇ ಇದ್ದವು. ಆದರೆ ಆ ಎಲೆಯನ್ನು ವಾಪಸು ಕೇಳಲಿಲ್ಲ.

ಮರುದಿನ ಶಾಲೆಯಲ್ಲಿ ಕೈಕೆಲಸದ ಪ್ರದರ್ಶನ. ಆರನೇ ಕ್ಲಾಸಿನ ಉಳಿದ ಹುಡುಗಿಯರೆಲ್ಲ ಕಸೂತಿಯ ಕರವಸ್ತ್ರ ತರುವವರು. ಲೋಲಾಕ್ಷಿಯ ಕರವಸ್ತ್ರದಲ್ಲಿ ಹೂವು ಯಾವುದು, ಗಂಟು ಯಾವುದು ಎಂದು ಟೀಚರಿಗೇ ತಿಳಿದಿರಲಿಲ್ಲ. ಆ ನಾಚಿಕೆ ಮುಚ್ಚಲು ಅವಳು ಬಡಾಯಿ ಬಿಟ್ಟಿದ್ದಳು. “ನಾನು ಆನೆ ತರ್ತೇನೆ. ಮೂಡಬಿದಿರೆಯ ಬಸದಿಯ ಕಲ್ಲಿನಲ್ಲಿ ಉಂಟಲ್ಲ, ಅಂಥದ್ದು!” ಬಸದಿಯನ್ನು ಅವಳು ನೋಡಿದ್ದು ಒಂದೇ ಸಲ. ಅದೂ ಮಾವನ ಹೆಗಲ ಮೇಲೆ, ಅರ್ಧ ನಿದ್ದೆಯಲ್ಲಿ.

ನಾಲ್ಕು ದಿನದಿಂದ ಆನೆ ಕಟ್ಟುತ್ತಿದ್ದಳು, ಕಲಿಸುವವರು ಯಾರೂ ಇರಲಿಲ್ಲ. ಹೊಟ್ಟೆಗೆ ತೆಂಗಿನಕಾಯಿ ಸಿಪ್ಪೆ, ಕಾಲಿಗೆ ಬಿದಿರಿನ ತುಂಡು, ಸೊಂಡಿಲಿಗೆ ಹರಕು ಕೊಡೆಯ ಕಡ್ಡಿಗೆ ಸುತ್ತಿದ ಹುರಿಹಗ್ಗ, ದಂತಕ್ಕೆ ಸವೆದ ಎರಡು ಬಳಪದ ಕಡ್ಡಿ. ನೋಡಿದರೆ ಗುಜರಿಯವನು ಮೂಟೆ ಇಳಿಸಿ ಹೋದ ಹಾಗಿತ್ತು. ಈ ಅವತಾರ ಯಾರಿಗೂ ಕಾಣಬಾರದೆಂದು ಮೇಲಿನಿಂದ ಮಣ್ಣು ಮೆತ್ತಿದಳು. ಒಣಗಿದ ಮೇಲೆ ಬಿರುಕು ಬಿಟ್ಟಿತು. ಮತ್ತೆ ಮೆತ್ತಿದಳು. ಮತ್ತೆ ಬಿರುಕು.

ಪಕ್ಕದ ಮನೆಯ ಹುಕ್ರಪ್ಪಜ್ಜ ಗೋಡೆ ಕಟ್ಟುವವರು. “ಹಿಂದೆ ಸುಣ್ಣಕ್ಕೆ ಬೆಲ್ಲದ ನೀರು ಸೇರಿಸಿ ಕಟ್ತಿದ್ದರು ಮಗಾ. ಆ ಗೋಡೆ ಬೀಳ್ಲಿಕ್ಕಿಲ್ಲ” ಎಂದಿದ್ದರು.

ಲೋಲಾಕ್ಷಿಗೆ ಸಿಕ್ಕ ಸುಣ್ಣ ಅಮ್ಮನ ಎಲೆಯಡಿಕೆ ಡಬ್ಬಿಯಲ್ಲಿದ್ದ ಬೆರಳ ತುದಿಯಷ್ಟು. ಕಮ್ಮಿಯಾದದ್ದನ್ನು ಬೆಲ್ಲದಲ್ಲಿ ಸರಿಮಾಡಿದಳು. ಅರ್ಧ ಅಚ್ಚು ಬೆಲ್ಲ! ಅದನ್ನು ಮಣ್ಣಿಗೆ ಕಲಸಿ ಹಚ್ಚಿ, ಎಲೆಯ ಕಿವಿಗಳನ್ನು ಬೀಡಿಯ ನೂಲಿನಲ್ಲಿ ಬಿಗಿದಳು. ತಾನೆಷ್ಟು ಜಾಣೆ ಎಂದು ತನಗೇ ಆಶ್ಚರ್ಯವಾಯಿತು.

ಆ ಆಶ್ಚರ್ಯ ಗುರುವಾಯನಕೆರೆಯ ರಸ್ತೆಯಲ್ಲಿ ಅರ್ಧ ದಾರಿಯವರೆಗೆ ಇತ್ತು. ಆಮೇಲೆ ತಲೆಯ ಮೇಲಿನ ಬುಟ್ಟಿಯಿಂದ ಏನೋ ಇಳಿದು ಬಂದು ಕುತ್ತಿಗೆಗೆ ಕಚ್ಚಿತು.

“ಇದು ಎಂತ?” ಕ್ಲಾಸಿನಲ್ಲಿ ಮೇಜಿನ ಮೇಲಿಟ್ಟ ಆನೆಯ ಕಡೆಗೆ ಮಹೇಶ್ವರ ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಇರುವೆಗಳ ಸಾಲು ಆನೆಯಿಂದ ಇಳಿದು ಅವರ ಕೈ ಹತ್ತಿತು. ಸೊಂಡಿಲಿನ ಮಣ್ಣು ಟಪ್ಪೆಂದು ಮೇಜಿಗೆ ಬಿತ್ತು.

“ಆನೆಗೆ ಕಜ್ಜಿ ಮಾಷ್ಟ್ರೇ!” ಹಿಂದಿನಿಂದ ಶಂಕರಿ ಕೂಗಿದಳು. ಇಡೀ ಕ್ಲಾಸು ನಕ್ಕಿತು.

ಲೋಲಾಕ್ಷಿಗೆ ಅಳು ಬಂತು. ಅತ್ತರೆ ಇನ್ನೂ ನಗುತ್ತಾರೆ. ಅವಳು ‘ಆನೆ’ ಎಂದು ಬರೆದಿದ್ದ ಚೀಟಿಯನ್ನು ತಿರುಗಿಸಿ, ‘ಇರುವೆಗಳ ಹೋಟೆಲು’ ಎಂದು ಬರೆದು ಇಟ್ಟಳು. ಮಾಷ್ಟ್ರಿಗೂ ನಗು ತಡೆಯಲಿಲ್ಲ.

“ಹೋಟೆಲು ಹೊರಗೆ ಇರಲಿ. ಮಧ್ಯಾಹ್ನ ಊರಿನವರು ನೋಡ್ಲಿಕ್ಕೆ ಬರ್ತಾರೆ. ಅಷ್ಟರೊಳಗೆ ಸರಿಮಾಡಿ ತಾ. ಜಾಗ ಇಟ್ಟಿರ್ತೇನೆ.”

ಬಾವಿಕಟ್ಟೆಯಲ್ಲಿ ಅವಳು ಕೊಡಪಾನದ ನೀರು ಸುರಿದಳು. ಇರುವೆ, ಬೆಲ್ಲ, ನಾಲ್ಕು ದಿನದ ಮಣ್ಣು ಎಲ್ಲ ಹರಿದುಹೋಯಿತು. ಉಳಿದದ್ದು ಅದೇ ಗುಜರಿ.

ಈಗಲಾದರೂ ಅಳೋಣವೆಂದು ಕೂತವಳು ಹಾಗೆಯೇ ನೋಡಿದಳು. ಒದ್ದೆಯಾದ ಸಿಪ್ಪೆಯ ನಾರು ಮುದಿ ಆನೆಯ ಚರ್ಮದ ಹಾಗೆ ಸುಕ್ಕುಗಟ್ಟಿತ್ತು. ಹಗ್ಗದ ಸುತ್ತುಗಳು ಸೊಂಡಿಲಿನ ಮಡಿಕೆಗಳೇ. ಬಳಪದ ದಂತ ನೀರು ಬಿದ್ದು ಬೆಳ್ಳಗಾಗಿತ್ತು. ಮಣ್ಣು ಮೆತ್ತಿದಾಗ ಇದು ಹಂದಿಯ ಹಾಗೆ ಇತ್ತಲ್ಲ! ಅವಳಿಗೇ ನಗು ಬಂತು.

ಶಂಕರಿ ಓಡಿ ಬಂದಳು. ಅವಳ ಲಂಗದ ಮಡಿಲಲ್ಲಿ ಒಂದು ಮುದ್ದೆ ಕೆಂಪು ಮಣ್ಣು. “ಏ ಲೋಲೂ, ನಾನು ತಮಾಷೆಗೆ ಹೇಳಿದ್ದು ಮಾರಾಯ್ತಿ. ತಗೊ, ಬೇಗ ಮೆತ್ತುವ. ಜನ ಬರ್ಲಿಕ್ಕಾಯಿತು.”

“ಬೇಡ.”

“ಬೇಡವಾ? ಸಿಪ್ಪೆಯೆಲ್ಲ ಕಾಣ್ತದೆ!”

ಲೋಲಾಕ್ಷಿ ಕೊಡೆಯ ಕಡ್ಡಿಯನ್ನು ಹಿಡಿದು ಸೊಂಡಿಲನ್ನು ಇನ್ನೊಂದು ಚೂರು ಮೇಲಕ್ಕೆ ಬಗ್ಗಿಸಿದಳು. ನೀರು ತೊಟ್ಟಿಕ್ಕುವ ಆನೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಜನ ಸೇರುತ್ತಿದ್ದ ಕ್ಲಾಸಿನ ಕಡೆಗೆ ನಡೆದಳು.