ಸಿಂದಗಿಗೆ ಹೋದ ಎಲೆ

"ಆ ಕಲ್ಲಿಗೆ ಕೈ ಹಚ್ಚಬ್ಯಾಡ್ರಿ!"

ಬಾವಿಯ ದಂಡೆಯಿಂದ ಬಂದ ಹೆಣ್ಣುದನಿಗೆ ಮುಕ್ತಾರನ ಕೈಯಲ್ಲಿದ್ದ ಹಾರೆ ಅಲ್ಲೇ ನಿಂತಿತು. ತಲೆಯೆತ್ತಿ ನೋಡಿದ. ದಂಡೆಯ ಮೇಲೊಬ್ಬ ಹುಡುಗಿ, ಹೆಗಲಿಗೆ ಚೀಲ, ಕಣ್ಣಲ್ಲಿ ಬೆಂಕಿ.

"ನನ್ನ ಬಾವಿ, ನನ್ನ ಕಲ್ಲು. ನೀವು ಯಾರ್ರಿ?"

"ಸಾಬೀರಾ ಅಂತ, ಬಾಗೇವಾಡಿಯಾಕಿ. ಕಲ್ಲಾಗಿರೋ ಗಿಡಗಳ ಮ್ಯಾಲ ಪಿಎಚ್‌ಡಿ ಮಾಡಾಕತ್ತೇನಿ. ಈ ಬಾವ್ಯಾಗ ಬೂದು ಕಲ್ಲು ಹತ್ತೇತಂತ ಕೇಳಿ ಬಂದೆ," ಎನ್ನುತ್ತಲೇ ಅವಳು ಏಣಿ ಇಳಿದುಬಿಟ್ಟಳು.

ಕರಿಕಲ್ಲಿನ ಎರಡು ಪದರಗಳ ನಡುವೆ ಬೂದು ಬಣ್ಣದ ಮೆತ್ತನೆಯ ಕಲ್ಲು. ಅದರ ಮೇಲೆ ಅಂಗೈಗಿಂತ ಅಗಲವಾದ ಎಲೆಯೊಂದರ ಅಚ್ಚು. ತೊಟ್ಟಿನಿಂದ ತುದಿಯವರೆಗೆ ಒಂದು ನರವೂ ಹರಿದಿರಲಿಲ್ಲ.

"ಯಾವ ಗಿಡದ್ದರಿ ಇದು?" ಮುಕ್ತಾರನ ದನಿ ತಾನಾಗಿಯೇ ಇಳಿದಿತ್ತು.

"ಆ ಜಾತಿನ ಅಳಿದು ಹೋಗೇತಿ. ಕೋಟಿಗಟ್ಟಲೆ ವರ್ಷ ಆತು. ಇಲ್ಲಿ ಅಂಥಾ ಗಿಡ ಇತ್ತು ಅನ್ನಾಕ ಇದೊಂದ ಸಾಕ್ಷಿ."

ಇಂಡಿ ಊರಿನ ಬಜಾರಿನಲ್ಲಿ ಮುಕ್ತಾರನ ಮನೆಯವರದು ಮೂರು ತಲೆಮಾರಿನ ವೀಳ್ಯದೆಲೆ ವ್ಯಾಪಾರ. ಊರ ಹೊರಗಿನ ಎಲೆತೋಟಕ್ಕಾಗಿ ಬಾವಿ ಆಳ ಮಾಡುತ್ತಿದ್ದ. ಸಾಬೀರಾ ಬಂದ ಮೇಲೆ ಬಾವಿಯ ಕೆಲಸ ನಿಂತಿತು, ಮುಕ್ತಾರನೇ ಆಳಕ್ಕೆ ಇಳಿಯತೊಡಗಿದ. ಮೂರು ವಾರ ಅವಳ ಜೊತೆ ಕೂತು ಕಲ್ಲು ಬಿಡಿಸಿದ. ಅವಳು ನಕ್ಕ ದಿನ ಅವನಿಗೆ ಊಟದ ನೆನಪೇ ಇರುತ್ತಿರಲಿಲ್ಲ.

'ಇವರ ಮುಂದೆ ನಾನೇಕೆ ಇಷ್ಟು ಮಾತಾಡುತ್ತೇನೆ...' ಎಂದು ಅವಳಿಗೂ ಅಚ್ಚರಿ.

ಆ ದೊಡ್ಡ ಎಲೆಯ ಕಲ್ಲನ್ನು ಕೊನೆಗೆ ಬಿಡಿಸಿ ಅವನ ಕೈಗೇ ಕೊಟ್ಟಳು.

"ಪೆಟ್ಟಿಗಿ ತೊಗೊಂಡು ನಾಕು ದಿನಕ್ಕ ಬರ್ತೇನಿ. ಇದು ಹೋದ್ರ ನನ್ನ ಐದು ವರ್ಷದ ಕೆಲಸ ಹೋದಂಗ."

"ಜೀವದಂಗ ಕಾಯ್ತೇನ್ರಿ."

ನಾಲ್ಕನೆಯ ದಿನ ಅವಳು ಬಂದಾಗ ಮುಕ್ತಾರ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ಅವನ ತಾಯಿ ಬಿಬಿಜಾನ ಕೂತಿದ್ದಳು.

"ಎಲಿ ಎಲ್ಲಿ ಐತ್ರಿ, ಅಮ್ಮಾ?"

"ಎಲಿ? ಮುಂಜಾನೆನ ಮುಕ್ತಾರ ಸಿಂದಗಿ ಸಂತಿಗೆ ಒಯ್ದಾನವ್ವ. ಇಷ್ಟೊತ್ತಿಗೆ ಮಾರಿರಬೇಕು. ಒಳಗ ಬಾ, ಚಾ ಕುಡಿ."

ಸಾಬೀರಾ ತಂದಿದ್ದ ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು. ಒಳಗೆ ಕಾಲಿಡಲಿಲ್ಲ. ಬಸ್ಸಿನಲ್ಲಿ ಕೂತು ಒಂದೇ ಸಾಲು ಕಳಿಸಿದಳು: 'ನಿಮ್ಮನ್ನು ನಂಬಿದ್ದೇ ತಪ್ಪು.' ಆಮೇಲೆ ಅವನ ನಂಬರ್ ಬ್ಲಾಕ್ ಮಾಡಿದಳು. ಪಾಪ, ಬಾಗೇವಾಡಿ ಬರುವವರೆಗೂ ಅತ್ತಳು... ಕಲ್ಲಿಗಾಗಿ ಅಳುತ್ತಿದ್ದೇನೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಹನ್ನೆರಡು ದಿನದ ಮೇಲೆ, ಒಂದು ಮಧ್ಯಾಹ್ನ, ಅವಳ ಮನೆಯ ಬಾಗಿಲಲ್ಲಿ ಮುಕ್ತಾರ ನಿಂತಿದ್ದ. ತೋಳಲ್ಲಿ ಎಲೆ ಮಾರುವ ಬುಟ್ಟಿ.

"ಯಾರಿಗೆ ಮಾರಿದ್ರಿ ನನ್ನ ಎಲಿನ?"

ಅವನು ಬುಟ್ಟಿಯ ಮೇಲಿನ ಗೋಣಿಬಟ್ಟೆ ಸರಿಸಿದ. ಕಲ್ಲು ಇತ್ತು. ಎಲೆಯೂ ಇತ್ತು, ತೊಟ್ಟಿನ ಸಮೇತ.

"ನೀವು ಕಲ್ಲು ಕೊಟ್ಟು ಹೋದ ಮರುದಿನ ಕಲ್ಲು ಒಣಗಿ ಸೀಳಾಕತ್ತಿತ್ತು. ನಮ್ಮ ಎಲಿ ಬಾಡಬಾರದಂತ ಹಸಿ ಗೋಣಿ ಸುತ್ತತೇವಲ್ರಿ, ಹಂಗ ಸುತ್ತಿ ನೆರಳಾಗ ಇಟ್ಟೆ. ದಿನಾ ಒಂದೀಟು ಹಸಿ ಕಡಿಮಿ ಮಾಡಿದೆ. ಪೂರಾ ಒಣಗೂತನಕ ಬಸ್ಸಿನ್ಯಾಗ ತರಾಕ ಧೈರ್ಯ ಆಗಲಿಲ್ಲ."

"ಮತ್ತ... ಸಿಂದಗಿ ಸಂತಿಗೆ ಒಯ್ದಿದ್ದು?"

"ತಿನ್ನೋ ಎಲಿರಿ. ನಮ್ಮ ಅಮ್ಮಗ ಎಲಿ ಅಂದ್ರ ಅದೊಂದ."

ನಮ್ಮ ಕಡೆ ಎಲಿ ಎಂದರೆ ವೀಳ್ಯದೆಲೆ ಎಂಬುದು ಇಷ್ಟು ಓದಿದವಳಿಗೆ ಅಂದು ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳಿಗೆ ಅಳು ಉಕ್ಕಿತು.

"ತಪ್ಪಾತ್ರಿ..."

"ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಹೆದರಿದೆ. ನೀವು ಹೌದು, ಮಾರೇನಿ ಅಂದಿದ್ರ? ಕಲ್ಲು ಹೋಗಿದ್ರ ಇನ್ನೂ ಐದು ವರ್ಷ ಹುಡುಕತಿದ್ದೆ. ನಿಮ್ಮಂಥಾವರನ್ನ ಎಲ್ಲಿ ಹುಡುಕಲಿ?"

ಬುಟ್ಟಿ ಅವನ ತೋಳಿನಿಂದ ಜಾರಿತು. ಅವಳು ಗಾಬರಿಯಾಗಿ ತಾನೂ ಒಂದು ಕಡೆ ಹಿಡಿದಳು. ಇಬ್ಬರೂ ಹಾಗೇ ನಿಂತರು.

"ಅಮ್ಮನ್ನ ನಿಮ್ಮ ಮನಿಗೆ ಮಾತಾಡಾಕ ಕರ್ಕೊಂಡು ಬರ್ಲಿ?" ಮುಕ್ತಾರ ಮೆಲ್ಲಗೆ ಕೇಳಿದ.

"ಯಾವಾಗ?"

"ಶುಕ್ರವಾರ..."

"ಶುಕ್ರವಾರಕ್ಕ ಇನ್ನ ಐದು ದಿನ ಐತಿ," ಎಂದಳು ಸಾಬೀರಾ, ತಲೆ ತಗ್ಗಿಸಿ. "ನಾಳೆ ಬರಾಕ ಆಗೂದಿಲ್ಲೇನ್ರಿ?"