ಬೆನ್ನ ಮೇಲೆ ತೆವಳುವ ಹುಳು

"ಕೈ ತೆಗೀರಿ! ನಮ್ಮ ಸಜ್ಜೆ ತೆನೆ ಯಾಕೆ ಕೀಳ್ತೀರಾ?"

ಬೊಮ್ಮಕ್ಕನ ಕೂಗಿಗೆ ಅಪರಿಚಿತ ಬೆಚ್ಚಿಬಿದ್ದ. ಅವನ ಅಂಗೈಯಲ್ಲಿ ಹೂವಿನ ಪರಾಗ ಮೆತ್ತಿಕೊಂಡ ಕೆಂಪು ಜೀರುಂಡೆ!

"ತೆನಿ ಬ್ಯಾಡ್ರಿ, ಈ ಹುಳ ಸಾಕು."

ಅವನು ರಾಯದುರ್ಗದ ಸಂಜೀವಪ್ಪ. ಮಡಕಶಿರಾ ಸೀಮೆಯಲ್ಲಿ ಕಡಲೆಕಾಯಿ ಬೇರು ತಿನ್ನುವ ಹುಳುವನ್ನು ಪತ್ತೆಹಚ್ಚಲು ಮದ್ರಾಸ್ ಸರ್ಕಾರ ಕಳಿಸಿದವನು.

ಆಮೇಲೆ ಅವನು ಬಂದಾಗಲೆಲ್ಲ ಬೊಮ್ಮಕ್ಕನಿಗೂ ಹೊಲದಲ್ಲೇ ಕೆಲಸ! ಕೇಳುವವರಾದರೂ ಯಾರು ಬಿಡಿ.

"ಈ ಕೆಂಪು ಹುಳ ಮೊಟ್ಟಿ ಎಲ್ಲಿಡ್ತಾವ್ರಿ?" ಎಂದ ಒಂದು ದಿನ.

ಗೊಬ್ಬರದ ತಿಪ್ಪೆಯೆಂದರೆ ಬೊಮ್ಮಕ್ಕನ ಮನೆಗೆ ಲಕ್ಷ್ಮಿ. ದೀಪಾವಳಿಗೆ ದೀಪವಿಟ್ಟು ಕೈಮುಗಿಯುವ ಜಾಗ, ಹೊರಗಿನವರಿಗೆ ಕೆದಕಲು ಬಿಡುವ ಮಾತೇ ಇಲ್ಲ. ಆದರೂ ಬೊಮ್ಮಕ್ಕ ತಾನೇ ಕೆದಕಿ, ಕೊಬ್ಬಿದ ಬಿಳಿ ಮರಿಹುಳುಗಳನ್ನು ತೋರಿಸಿದಳು. ಅವನ ಮೇಲೆ ಅಷ್ಟು ನಂಬಿಕೆ!

ಕೆಲವೇ ದಿನಗಳಲ್ಲಿ ಊರ ಆಡಳಿತ ನೋಡುವ ಮುನಸಬು ಆಳುಗಳೊಂದಿಗೆ ಬಂದ. "ಬೇರು ತಿನ್ನೋ ಹುಳ ಇಲ್ಲೇ ಹುಟ್ಟೋದಂತೆ. ಸಂಜೀವಪ್ಪನೇ ಹೇಳವ್ನೆ. ಹಚ್ರೋ ಬೆಂಕಿ!"

ಮುಂದಿನ ರಾಗಿಗೆ ಕೂಡಿಟ್ಟ ಗೊಬ್ಬರವೆಲ್ಲ ಹೊಗೆಯಾಯಿತು. ಅಪ್ಪ ಚಿತ್ತಪ್ಪ ಮಗಳ ಮುಖ ನೋಡುವುದನ್ನೇ ಬಿಟ್ಟ.

'ನಂಬಿ ತೋರಿಸಿದೆನಲ್ಲ... ಅವನಿಗೆ ಬೇಕಾಗಿದ್ದು ಹುಳು, ನಾನಲ್ಲ!' ಬೊಮ್ಮಕ್ಕ ಅತ್ತು ಅತ್ತು ಸೋತಳು.

ತಿಂಗಳ ನಂತರ ಸಂಜೀವಪ್ಪ ಬಂದವನೇ ಚಿತ್ತಪ್ಪನ ಮುಂದೆ ಎರಡು ಮರಿಹುಳು ಬಿಟ್ಟ.

"ಇದು ಕಡಲೆಕಾಯಿ ಬೇರಿನಾಗ ಸಿಕ್ಕಿದ್ದು. ಇದು ಬ್ಯಾರೆ ಊರಿನ ತಿಪ್ಪಿದು. ನೋಡ್ರಿ..."

ಮೊದಲನೆಯದು ಕಾಲೂರಿ ತೆವಳಿತು. ಎರಡನೆಯದು ಅಂಗಾತ ಹೊರಳಿ, ಕಾಲು ಮೇಲೆತ್ತಿ, ಬೆನ್ನ ಮೇಲೆಯೇ ಸಾಗಿತು!

"ಎರಡೂ ಒಂದ ಜಾತಿ ಅಂದಿದ್ದು ನನ್ನ ತಪ್ಪು. ತಿಪ್ಪಿ ಹುಳ ಬೇರು ಮುಟ್ಟಂಗಿಲ್ರಿ, ಕೊಳೆತ ಸಗಣಿ ತಿಂದು ಗೊಬ್ಬರ ಹುಡಿ ಮಾಡ್ತೈತಿ. ಕಚೇರ್ಯಾಗ ಒಪ್ಕೊಂಡೀನಿ. ನೌಕರಿ ಹೋತು."

ಚಿತ್ತಪ್ಪ ಎದ್ದು ಒಳಗೆ ಹೋದ.

"ಮುನಸಬರಿಗೆ ಹೇಳೋ ಮುಂಚೆ ನನಗೊಂದು ಮಾತು ಹೇಳ್ಬಾರದಿತ್ತಾ?" ಬೊಮ್ಮಕ್ಕ ಎದುರಿಗೆ ಬಂದು ಕೇಳಿದಳು.

"ಹೇಳಬೇಕಿತ್ರಿ... ಇನ್ಮ್ಯಾಲೆ ಸಗಣಿ ಹೊತ್ತು ಆ ತಿಪ್ಪಿ ನಾನ ತುಂಬಿಸ್ತೀನಿ. ನನ್ನ ನಂಬ್ತೀರೇನ್ರಿ?"

"ಇನ್ನೂ ಇಲ್ಲ."

ಅವನು ತಲೆ ತಗ್ಗಿಸಿ, ಅವಳು ಹೊತ್ತು ತಂದಿಳಿಸಿದ್ದ ಸಗಣಿಯ ಮಂಕರಿಗೆ ಕೈಹಾಕಿದ. ಬೊಮ್ಮಕ್ಕ ನೋಡುತ್ತ ನಿಂತಳು. ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಪ್ರೀತಿಯೂ ಇತ್ತು. ತನ್ನ ತಲೆಯ ಮೇಲಿದ್ದ ಬಟ್ಟೆಯ ಸಿಂಬೆ ತೆಗೆದು ಅವನ ತಲೆಯ ಮೇಲಿಟ್ಟಳು.

"ತಿಪ್ಪಿ ತುಂಬಿದ ಮ್ಯಾಲೆ ನಾ ಹೋಗಬೇಕೇನ್ರಿ?"

"ಹೋಗೋರ ತಲೆಗೆ ನನ್ನ ಸಿಂಬೆ ಯಾಕಿಡ್ಲಿ...?"